ಸ್ಲ್ಯಾಬಿನೊಳಗಿನ ಸೊನ್ನೆ: ಡಯಾಫ್ರಾಮ್ ಫೋರ್ಸ್ ಹುಡುಕಿದ ನನ್ನ ಅನುಭವ

ಹುಬ್ಬಳ್ಳಿಯ ಗೋಕುಲ ರೋಡ್ ಹತ್ತಿರ ಐದು ಮಹಡಿಯ ಒಂದು ವಾಣಿಜ್ಯ ಕಟ್ಟಡ. ಎಲ್ ಆಕಾರ, ಒಂದು ರೆಕ್ಕೆಯ ತುದಿಗೆ ಲಿಫ್ಟ್ ಕೋರ್, ಅಂದರೆ ಲಿಫ್ಟ್ ಸುತ್ತಲಿನ ಗೋಡೆಗಳ ಗೂಡು. ಭೂಕಂಪ ವಿನ್ಯಾಸದ ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯಲ್ಲಿ ಧಾರವಾಡ ಮೂರನೇ ವಲಯ, ವಲಯದ ಗುಣಾಂಕ ಝಡ್ 0.16, ಹುಬ್ಬಳ್ಳಿಗೂ ಅದನ್ನೇ ಹಿಡಿದೆ. ಕಟ್ಟಡದ ಲೆಕ್ಕ ಮಾಡುವ ಸಾಫ್ಟ್‌ವೇರ್ ಈಟ್ಯಾಬ್ಸ್‌ನಲ್ಲಿ ಮಾಡೆಲ್ ರನ್ ಮಾಡಿ, ಕೋರ್ ಬಳಿ ಸ್ಲ್ಯಾಬಿನಲ್ಲಿ ಎಷ್ಟು ಡಯಾಫ್ರಾಮ್ ಫೋರ್ಸ್ (ಭೂಕಂಪದ ಅಡ್ಡಬಲವನ್ನು ಸ್ಲ್ಯಾಬ್ ತನ್ನ ಸಮತಲದಲ್ಲೇ ಗೋಡೆಗಳಿಗೆ ಒಯ್ಯುವ ಬಲ) ಹರಿದಿದೆ ನೋಡೋಣವೆಂದು ಶೆಲ್ ಫೋರ್ಸ್‌ನಲ್ಲಿ ಎಫ್12, ಅಂದರೆ ಸಮತಲದ ಶಿಯರ್ (ಕತ್ತರಿ ಬಲ) ತೆರೆದೆ. ಪರದೆ ತುಂಬ ಒಂದೇ ಬಣ್ಣ, ಎಲ್ಲ ಕಡೆ ಹೆಚ್ಚುಕಡಿಮೆ ಸೊನ್ನೆ.

"ಹಂಗಾದ್ರ ಸ್ಲ್ಯಾಬಿನ್ಯಾಗ ಫೋರ್ಸೇ ಇಲ್ಲೇನ್ರೀ ಸರ್?" ಅಂದ ಪಕ್ಕದಲ್ಲಿದ್ದ ಜೂನಿಯರ್.

ಇತ್ತು. ತೋರಿಸದಂತೆ ಮಾಡಿದವನು ನಾನೇ. ಅಭ್ಯಾಸಬಲದಿಂದ ಎಲ್ಲ ಮಹಡಿಗೂ ರಿಜಿಡ್ ಡಯಾಫ್ರಾಮ್ (ಸ್ಲ್ಯಾಬ್ ತನ್ನ ಸಮತಲದಲ್ಲಿ ಚೂರೂ ಹಿಗ್ಗದು, ಕುಗ್ಗದು ಎಂಬ ಊಹೆ) ಕೊಟ್ಟಿದ್ದೆ. ಆಗ ಒಂದು ಮಹಡಿಯ ಜಾಯಿಂಟುಗಳೆಲ್ಲ ಒಂದೇ ತಟ್ಟೆಗೆ ಅಂಟಿಸಿದಂತೆ ಒಟ್ಟಿಗೇ ಸರಿಯುತ್ತವೆ. ಒಂದಕ್ಕೊಂದು ಅಂತರ ಬದಲಾಗದಿದ್ದರೆ ಸ್ಟ್ರೇನ್ (ಹಿಗ್ಗು ಕುಗ್ಗು) ಎಲ್ಲಿಂದ ಬರಬೇಕು, ಅದಿಲ್ಲದೆ ಬಲ ಎಲ್ಲಿಂದ? ಬೀಮಿನ ಆಕ್ಸಿಯಲ್ ಫೋರ್ಸ್ (ಉದ್ದಕ್ಕೂ ಎಳೆಯುವ ಅಥವಾ ಒತ್ತುವ ಬಲ) ಕೂಡ ಅದೇ ಕಾರಣಕ್ಕೆ ಸೊನ್ನೆ.

ಡಿಫೈನ್ ಮೆನುವಿನಲ್ಲಿ ಡಯಾಫ್ರಾಮನ್ನು ಸೆಮಿ ರಿಜಿಡ್‌ಗೆ ಬದಲಿಸಿ, ಕೋರ್ ಸುತ್ತ ಮೆಶ್ (ಲೆಕ್ಕಕ್ಕೆ ಸ್ಲ್ಯಾಬನ್ನು ತುಂಡು ಮಾಡುವ ಜಾಲ) ಸಣ್ಣದು ಮಾಡಿ ಮತ್ತೆ ರನ್ ಮಾಡಿದೆ. ಈಗ ಬಣ್ಣಗಳು ಬಂದವು. ಆದರೆ ಬಣ್ಣ ನೋಡಿ ಕಬ್ಬಿಣದ ಸಳಿ ಹಾಕಲಿಕ್ಕಾಗದು. ಮೂಲೆಗಳಲ್ಲಿ ಮೆಶ್ ಸಣ್ಣದಾದಷ್ಟೂ ಅಂಕಿ ಏರುತ್ತಲೇ ಹೋಗುತ್ತದೆ. ಬೇಕಾದದ್ದು ಒಟ್ಟು ಬಲ, ಅದಕ್ಕೆ ಸೆಕ್ಷನ್ ಕಟ್: ಒಂದು ಗೆರೆಯಲ್ಲಿ ಕತ್ತರಿಸಿದಂತೆ ಹಿಡಿದು, ಅದನ್ನು ದಾಟುವ ಬಲವನ್ನೆಲ್ಲ ಕೂಡಿಸುವುದು.

ಮೂರನೇ ಮಹಡಿಯಲ್ಲಿ ಕೋರ್ ಗೋಡೆಗಳ ಶಿಯರ್ ಸ್ಲ್ಯಾಬಿನ ಕೆಳಗೆ 610 ಕಿಲೋನ್ಯೂಟನ್, ಮೇಲೆ 430. ನಡುವಿನ 180 ಆ ಮಹಡಿಯಿಂದಲೇ ಬರಬೇಕು. ನನ್ನ ಕಟ್ ಕೊಟ್ಟದ್ದು 104! ಅರ್ಧ ದಿನ ತಲೆ ಕೆರೆದುಕೊಂಡೆ. ಕೊನೆಗೆ ಕಟ್‌ಗೆ ಲೆಕ್ಕ ಹಿಡಿಯುವ ಭಾಗಗಳ ಗ್ರೂಪ್ ತೆರೆದು ನೋಡಿದರೆ ಬರೀ ಸ್ಲ್ಯಾಬ್ ಸೇರಿಸಿದ್ದೆ, ಕೋರಿಗೆ ಬಂದು ಸೇರುವ ಬೀಮನ್ನು ಬಿಟ್ಟಿದ್ದೆ. ಬೀಮನ್ನೂ ಕಟ್‌ಗೆ ತಗಲುವ ಜಾಯಿಂಟುಗಳನ್ನೂ ಸೇರಿಸಿದಾಗ 171 ಬಂತು. ಉಳಿದ 9, ಕೋರಿನದೇ ತೂಕದ ಮೇಲೆ ನೇರವಾಗಿ ಬಿದ್ದ ಭೂಕಂಪ ಬಲ. ಸೆಮಿ ರಿಜಿಡ್‌ನಲ್ಲಿ ಬಲ ಸೆಂಟರ್ ಆಫ್ ಮಾಸ್‌ಗೆ (ಮಹಡಿಯ ದ್ರವ್ಯರಾಶಿಯ ಕೇಂದ್ರಕ್ಕೆ) ಹೋಗದೆ ಆಯಾ ಜಾಯಿಂಟಿಗೆ ಹಂಚಿಹೋಗುತ್ತದೆ. ಈ ಕೂಡುಕಳೆ ಹೊಂದುವವರೆಗೆ ನಾನು ಯಾವ ಕಟ್ಟನ್ನೂ ನಂಬುವುದಿಲ್ಲ.

ಈ ತಾಳೆಗೆ ಈಕ್ವಿವಲೆಂಟ್ ಸ್ಟ್ಯಾಟಿಕ್ ಕೇಸೇ (ಭೂಕಂಪವನ್ನು ಸ್ಥಿರ ಅಡ್ಡಬಲವೆಂದು ಹಿಡಿಯುವ ಲೆಕ್ಕ) ಸರಿ. ರೆಸ್ಪಾನ್ಸ್ ಸ್ಪೆಕ್ಟ್ರಮ್‌ನಲ್ಲಿ (ಕಟ್ಟಡದ ಬೇರೆ ಬೇರೆ ಕಂಪನಗಳ ಗರಿಷ್ಠ ಬಲಗಳನ್ನು ಒಟ್ಟುಗೂಡಿಸುವ ಲೆಕ್ಕ) ಎಲ್ಲ ಅಂಕಿಗೂ ಪ್ಲಸ್ ಚಿಹ್ನೆ. ಮೇಲಿನ, ಕೆಳಗಿನ ಶಿಯರ್ ಕಳೆದರೆ ಅರ್ಥವಿಲ್ಲದ ಉತ್ತರ ಬರುತ್ತದೆ, ಎಳೆತವೋ ಒತ್ತಡವೋ ಗೊತ್ತಾಗುವುದೂ ಇಲ್ಲ.

ಕೋರಿನ ಎರಡು ಬದಿಗೆ ಮೆಟ್ಟಿಲು, ಡಕ್ಟ್. ಗೋಡೆಗೆ ಸ್ಲ್ಯಾಬ್ ಕೂಡುವುದು ಒಂದೇ ತುದಿಯಲ್ಲಿ. ಹಾಗಾಗಿ ಪೂರ್ತಿ 180 ಆ ಬೀಮಿನಲ್ಲೇ ಹೋಗಲಿ ಎಂದು ಹಿಡಿದೆ: ಸುರಕ್ಷತೆಯ ಗುಣಾಂಕ 1.5ರಿಂದ ಗುಣಿಸಿದರೆ 270 ಕಿಲೋನ್ಯೂಟನ್, ಎಫ್ಇ 500 ದರ್ಜೆಯ ಸಳಿಗೆ ಸುಮಾರು 621 ಚದರ ಮಿಮೀ. ಬೆಂಡಿಂಗ್ (ಬಾಗುವಿಕೆ) ತಡೆಯುವ ಸಳಿಗಳ ಹೊರತಾಗಿ 20 ಮಿಮೀಯ ಎರಡು ಸಳಿ, ಬೀಮಿನ ನಡು ಎತ್ತರದಲ್ಲಿ, ಗೋಡೆಯೊಳಗೆ ಪೂರ್ತಿ ಡೆವಲಪ್‌ಮೆಂಟ್ ಲೆಂತ್ (ಸಳಿ ಕಾಂಕ್ರೀಟಿನಲ್ಲಿ ಗಟ್ಟಿಯಾಗಿ ಹಿಡಿಯಲು ಬೇಕಾದ ಉದ್ದ) ಹೋಗುವಂತೆ.

ಸೈಟಿನಲ್ಲಿ ಬಾರ್ ಬೆಂಡರ್ ಡ್ರಾಯಿಂಗ್ ತಿರುಗಿಸಿ ತಿರುಗಿಸಿ ನೋಡಿದ. "ನಡುವ ಯಾಕ್ರೀ ಇಪ್ಪತ್ತರದು? ತಪ್ಪಿ ಬಂದಾವೇನು?" ಫೋನ್‌ನಲ್ಲಿ ಕೋರಿನ ಬಣ್ಣದ ಚಿತ್ರ ತೋರಿಸಿದೆ. ಅದನ್ನು ನೋಡಲಿಲ್ಲ ಅವ. "ಎಳಿತೈತಿ ಅಂತೀರಿ, ಹಾಕೂಣು ಬಿಡ್ರಿ" ಎಂದು ಸಳಿ ಎತ್ತಿಕೊಂಡ.