ಬಚ್ಚಲ ಒಲೆ ಮುಂದೆ ಬಂದು ಕೂತ ಬೆಕ್ಕು

ಜೂನ್ ಕೊನೆಯ ವಾರ. ಮೂರು ದಿನದಿಂದ ಕರೆಂಟಿಲ್ಲ, ಮಳೆ ಒಂದೇ ಸಮ. ಬೆಳಗ್ಗೆ ಹಂಡೆಗೆ ಬೆಂಕಿ ಹಾಕೋಣ ಅಂತ ಬಚ್ಚಲಿಗೆ ಹೋದರೆ ಒಲೆಗೆ ಬೆನ್ನು ಕೊಟ್ಟು ಒಂದು ಬೆಕ್ಕು ಕೂತಿತ್ತು. ಬಿಳಿ, ಕಪ್ಪು, ಕೇಸರಿ, ಮೂರೂ ಬಣ್ಣ. ನನ್ನನ್ನು ನೋಡಿ ಓಡಲಿಲ್ಲ. ಸೌದೆ ತಂದೆಯಾ ಅನ್ನೋ ಹಾಗೆ ಒಮ್ಮೆ ತಿರುಗಿ ನೋಡಿ ಮತ್ತೆ ಕಣ್ಣು ಮುಚ್ಚಿತು.

ನಮ್ಮದು ಕೊಡಗಿನ ನಾಪೋಕ್ಲು ಕಡೆ, ಕಾಫಿ ತೋಟದ ನಡುವಿನ ಮನೆ. ಪಕ್ಕದ ಮನೆ ಅಂದರೆ ರಸ್ತೆಯಲ್ಲಿ ಒಂದೂವರೆ ಕಿಲೋಮೀಟರ್. ತೋಡು, ಅಂದರೆ ಸಣ್ಣ ಹಳ್ಳ, ದಾಟಿ ತೋಟದೊಳಗೇ ಹೋದರೆ ಹತ್ತು ನಿಮಿಷ. ಇಂಥ ಜಾಗಕ್ಕೆ ಈ ಮಳೆಯಲ್ಲಿ ಬೆಕ್ಕು ಎಲ್ಲಿಂದ ಬಂತು? "ಯಾರೋ ಪೂಚೆನ ತಂದು ಬಿಟ್ಟು ಹೋಗಿದ್ದಾರೆ" ಅಂತ ಅತ್ತೆ ತೀರ್ಪು ಕೊಟ್ಟರು. ನಾನೂ ನಂಬಿದೆ. ಪಾಪ ಅನ್ನಿಸಿ ಒಂದು ಬಟ್ಟಲು ಹಾಲು ಇಟ್ಟೆ.

ಅದೇ ಮೊದಲ ತಪ್ಪು. ಬೆಕ್ಕು ಅಂದರೆ ಹಾಲು ಅಂತ ನಾವೆಲ್ಲ ಚಿಕ್ಕಂದಿನಿಂದ ಕಲಿತಿದ್ದೇವೆ ಅಲ್ವಾ? ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನಲ್ಲಿರುವ ಲ್ಯಾಕ್ಟೋಸ್ ಅನ್ನೋ ಸಕ್ಕರೆ ಸರಿಯಾಗಿ ಜೀರ್ಣವಾಗುವುದಿಲ್ಲ. ಮರುದಿನ ಅದು ಉಗ್ರಾಣದ ಖಾಲಿ ಕಾಫಿ ಚೀಲಗಳ ಮೇಲೆ ಮಾಡಿದ ಗಲೀಜನ್ನು ತೊಳೆದದ್ದು ನಾನೇ. ಆಮೇಲೆ ನೀರು, ಉಪ್ಪು ಹಾಕದೆ ಬೇಯಿಸಿದ ಮೀನು, ಅದಕ್ಕೆ ಒಂದು ಚೂರು ಅನ್ನ, ಅಷ್ಟೇ. ಮಳೆಗಾಲಕ್ಕೆ ಕೂಡಿಟ್ಟ ಒಣಮೀನು ಕೊಡಬೇಡಿ, ಅದರಲ್ಲಿ ಉಪ್ಪು ಜಾಸ್ತಿ. ಡಬ್ಬದ ಮುಚ್ಚಳ ಗಟ್ಟಿಯಾಗಿ ಹಾಕಿ. ಇಲ್ಲದಿದ್ದರೆ ನೀವು ಕೊಡೋದೇ ಬೇಡ, ಅದೇ ತಗೊಳ್ಳುತ್ತೆ.

ಎರಡನೇ ತಪ್ಪು ಇನ್ನೂ ದೊಡ್ಡದು. ಬಂದ ಬೆಕ್ಕಿಗೆ ಮನೆಯಿಲ್ಲ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಸರಿಯಾಗಿ ನೋಡಿದ್ದರೆ ಅನುಮಾನ ಬರಬೇಕಿತ್ತು. ಕೂದಲು ಹೊಳೆಯುತ್ತಿತ್ತು. ಪಕ್ಕೆಲುಬು ಕಾಣುತ್ತಿರಲಿಲ್ಲ. ಬಾಲ ಎತ್ತಿಕೊಂಡು ಕಾಲಿಗೆ ಉಜ್ಜಿಕೊಂಡು ಬರುತ್ತಿತ್ತು. ಮನುಷ್ಯರ ಜೊತೆ ಬೆಳೆಯದ ಬೆಕ್ಕು ಹಾಗೆ ಮಾಡುವುದಿಲ್ಲ, ಹತ್ತಿರ ಹೋದರೆ ಸೌದೆ ರಾಶಿಯೊಳಗೆ ಮಾಯ.

ಇಲ್ಲಿ ನಮ್ಮ ಕಡೆಯವರಿಗೆ ಒಂದು ಮಾತು. ತೋಟದಲ್ಲಿ ಕಾಣುವ ಬೆಕ್ಕೆಲ್ಲ ಊರ ಬೆಕ್ಕಲ್ಲ. ಮೈ ತುಂಬ ಚುಕ್ಕೆ, ಕಿವಿಯ ಹಿಂದೆ ಬಿಳಿ ಮಚ್ಚೆ ಇದ್ದರೆ ಅದು ಚಿರತೆ ಬೆಕ್ಕು. ಉದ್ದ ಕಾಲು, ಗಿಡ್ಡ ಬಾಲ, ಬಾಲದ ತುದಿಯಲ್ಲಿ ಕಪ್ಪು ಪಟ್ಟೆ ಇದ್ದರೆ ಕಾಡು ಬೆಕ್ಕು. ಕಳೆ ತೆಗೆಯುವಾಗ ಇವುಗಳ ಮರಿ ಸಿಕ್ಕರೆ ಚೆಂದ ಇದೆ ಅಂತ ಮನೆಗೆ ತರಬೇಡಿ. ತಾಯಿ ಬೇಟೆಗೆ ಹೋಗಿರುತ್ತೆ, ವಾಪಸ್ ಬರುತ್ತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಸಾಕುವುದು ಅಪರಾಧ ಕೂಡ.

ನಮ್ಮದು ಮೂರು ಬಣ್ಣದ್ದು. ಹಾಗಾಗಿ ಬಾಲ ಎತ್ತಿ ನೋಡುವ ಮೊದಲೇ ಹೆಣ್ಣು ಅಂತ ಗೊತ್ತಾಯಿತು. ಕಪ್ಪು ಮತ್ತು ಕೇಸರಿ ಎರಡೂ ಬಣ್ಣ ಬರಬೇಕಾದರೆ ಎರಡು ಎಕ್ಸ್ ಕ್ರೋಮೋಸೋಮ್ ಬೇಕು, ಅದಕ್ಕೇ ಇಂಥ ಬೆಕ್ಕು ಹೆಚ್ಚುಕಮ್ಮಿ ಯಾವಾಗಲೂ ಹೆಣ್ಣೇ. ಹೆಣ್ಣು ಅಂದ ಮೇಲೆ ಎರಡು ವಿಷಯ ನೋಡಬೇಕು. ಒಂದು, ಮೊಲೆತೊಟ್ಟು ಊದಿ, ಸುತ್ತ ಕೂದಲು ಉದುರಿದೆಯಾ? ಹಾಗಿದ್ದರೆ ಎಲ್ಲೋ ಮರಿಗಳಿವೆ. ಅದನ್ನು ಹಿಡಿದು ಕೂಡಿ ಹಾಕಿದರೆ ಮರಿಗಳು ಸಾಯುತ್ತವೆ. ಎರಡು, ಕಿವಿಯ ತುದಿ ಕತ್ತರಿಸಿದೆಯಾ? ಕತ್ತರಿಸಿದ್ದರೆ ಸಂತಾನಹರಣ ಆಗಿದೆ ಅಂತ ಗುರುತು. ಇದಕ್ಕೆ ಎರಡೂ ಇರಲಿಲ್ಲ.

ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೈ ಮುಗಿದದ್ದು, ಹೃದಯದ ಚಿತ್ರ, ಎಲ್ಲ ಬಂತು. ಯಜಮಾನ ಮಾತ್ರ ಬರಲಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಕಾಗದದ ಪಟ್ಟಿ. ಎರಡು ಬೆರಳು ಅಗಲದ ಕಾಗದ, ಅದರಲ್ಲಿ "ಈ ಬೆಕ್ಕು ನಿಮ್ಮದಾ? ಫೋನ್ ಮಾಡಿ" ಅಂತ ನಂಬರು. ಅದನ್ನು ಕುತ್ತಿಗೆಗೆ ಸುತ್ತಿ ತುದಿ ಅಂಟಿಸಿ ಬಿಡುವುದು. ಹೇಳೋಕೆ ಸುಲಭ. ಮೊದಲ ಪಟ್ಟಿ ಬಾಲ್ ಪೆನ್ನಿನಲ್ಲಿ ಬರೆದದ್ದು, ಸಂಜೆ ಬೆಕ್ಕು ಬರುವಾಗ ಕೊರಳಲ್ಲಿ ನೀಲಿ ಮುದ್ದೆ. ಕೊಡಗಿನ ಮಳೆಗೆ ಪೆನ್ನು ನಿಲ್ಲುವುದಿಲ್ಲ. ಎರಡನೇ ಸಲ ಪೆನ್ಸಿಲ್‌ನಲ್ಲಿ ಒತ್ತಿ ಬರೆದು, ಬರೆದ ಕಡೆ ಮಾತ್ರ ಸೆಲ್ಲೋಟೇಪ್ ಹಚ್ಚಿದೆ. ಪೆನ್ಸಿಲ್ ನೀರಿಗೆ ಹರಡುವುದಿಲ್ಲ. ತುದಿಗಳನ್ನು ಮಾತ್ರ ಒಂದು ಸಣ್ಣ ಚೂರು ಟೇಪಿನಿಂದ ಸೇರಿಸಿದ್ದು, ಕಾಫಿ ಗಿಡಕ್ಕೋ ಬೇಲಿ ತಂತಿಗೋ ಸಿಕ್ಕಿಕೊಂಡರೆ ತಕ್ಷಣ ಬಿಚ್ಚಿಕೊಳ್ಳಲಿ ಅಂತ. ದಾರ, ರಬ್ಬರ್ ಬ್ಯಾಂಡ್, ಪ್ಲಾಸ್ಟಿಕ್ ದಾರ ಯಾವತ್ತೂ ಕಟ್ಟಬೇಡಿ, ಕುತ್ತಿಗೆ ಬಿಗಿಯುತ್ತೆ. ಎರಡು ಬೆರಳು ಸಲೀಸಾಗಿ ಒಳಗೆ ಹೋಗುವಷ್ಟು ಸಡಿಲ ಇರಬೇಕು.

ಮೂರನೇ ದಿನ ಫೋನ್ ಬಂತು. "ಯಾರಮ್ಮ ನೀವು, ನಮ್ಮ ಚುಕ್ಕಿಗೆ ಚೀಟಿ ಕಟ್ಟಿದ್ದು?" ತೋಡಿನ ಆಚೆ ಮನೆಯವರು. ನಾನು ಕ್ಷಮೆ ಕೇಳುವಷ್ಟರಲ್ಲಿ ಅವರೇ ಹೇಳಿದರು, "ನಮ್ಮದು ಅಂತಲ್ಲ, ಏಪ್ರಿಲ್‌ನಿಂದ ಬರ್ತಾ ಇದೆ. ಬೆಳಗ್ಗೆ ಇಲ್ಲೇ ತಿಂಡಿ." ಅಂದರೆ ನಮ್ಮನೆಯದ್ದು ಎರಡನೇ ಊಟ! ಅವರಿಂದ ವಿಷಯ ಪಕ್ಕದ ತೋಟದ ಲೆಕ್ಕ ನೋಡುವ ರೈಟರಿಗೆ ಹೋಯಿತು. ರೈಟರು ಫೋಟೋ ನೋಡಿದ ಕೂಡಲೇ ಹೇಳಿದರಂತೆ, "ಇದು ಲೈನ್ ಮನೆ ಬೆಕ್ಕಲ್ವಾ?" ಲೈನ್ ಮನೆ ಅಂದರೆ ತೋಟದ ಕೆಲಸಗಾರರ ಸಾಲು ಮನೆ. ರೋಬಸ್ಟಾ ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ಬಂದು ಅಲ್ಲಿದ್ದ ಒಂದು ಸಂಸಾರ ಸಾಕಿದ ಮರಿ ಅದು. ಮಾರ್ಚ್‌ನಲ್ಲಿ ಕೊಯ್ಲು ಮುಗಿಯಿತು, ಅವರು ಊರಿಗೆ ಹೋದರು. ರೈಲಿನಲ್ಲಿ ಬೆಕ್ಕು ಹೇಗೆ ಒಯ್ಯುವುದು? ರೈಟರ ಫೋನಿನಿಂದ ಅವರ ಜೊತೆ ನನ್ನ ಮುರುಕು ಹಿಂದಿಯಲ್ಲಿ ಮಾತಾಡಿದೆ. ಆ ಮನೆಯ ಹುಡುಗಿ ಕೇಳಿದ್ದು ಒಂದೇ, "ಮಿನಿ ದಪ್ಪ ಆಗಿದೆಯಾ?"

ನಾನು ಅವರನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೆ! ಬಿಟ್ಟು ಹೋಗಿದ್ದಾರೆ ಅಂತ ಹೇಳೋದು ಸುಲಭ.

ಆಪರೇಷನ್ ಮಾಡಿಸಬೇಕು ಅಂತ ಮೂರು ಕಡೆಯವರೂ ಒಪ್ಪಿದೆವು. ಬೆಕ್ಕಿನ ಬಸಿರು ಒಂಬತ್ತು ವಾರ ಅಷ್ಟೇ. ನಾಲ್ಕೈದು ತಿಂಗಳ ಮರಿಯೇ ಬೆದೆಗೆ ಬರಬಹುದು. ಆಗಲೇ ಎರಡು ಗಂಡು ಬೆಕ್ಕು ರಾತ್ರಿ ಹಂಚಿನ ಮೇಲೆ ಕೂಗಾಡಲು ಶುರು ಮಾಡಿದ್ದವು. ತಡ ಮಾಡಿದ್ದರೆ ಅಟ್ಟದಲ್ಲಿ ನಾಲ್ಕು ಮರಿ ಗ್ಯಾರಂಟಿ.

ಹಿಡಿಯುವಾಗ ನಾನು ಮೂರ್ಖಳಾದೆ. ಗೋಣಿಚೀಲ ಹಾಕಿ ಹಿಡಿಯಲು ಹೋಗಿ ಮುಂಗೈ ಪರಚಿಸಿಕೊಂಡೆ, ರಕ್ತ ಬಂತು. ಪರಿಚಯದ ಬೆಕ್ಕು, ಏನೂ ಆಗಲ್ಲ ಅಂತ ಮನೆಯಲ್ಲಿ ಹೇಳಿದರು. ಕೇಳಲಿಲ್ಲ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದೆ, ಗಡಿಯಾರ ನೋಡಿಕೊಂಡೇ. ಅರಿಶಿನ, ಕಾಫಿಪುಡಿ ಏನೂ ಮೆತ್ತಲಿಲ್ಲ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋದೆ. ರೇಬಿಸ್ ನಾಯಿಯಿಂದ ಮಾತ್ರ ಅಲ್ಲ, ಬೆಕ್ಕಿನಿಂದಲೂ ಬರುತ್ತೆ. ಒಮ್ಮೆ ಲಕ್ಷಣ ಕಾಣಿಸಿಕೊಂಡರೆ ಉಳಿಯುವುದು ಬಹುತೇಕ ಇಲ್ಲವೇ ಇಲ್ಲ. ರಕ್ತ ಬಂದಿದ್ದರಿಂದ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್, ಅಂದರೆ ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯ, ಕೊಟ್ಟರು. ಚರ್ಮದೊಳಗೆ ಕೊಡುವ ಲಸಿಕೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಬೆಕ್ಕನ್ನು ಹತ್ತು ದಿನ ಗಮನಿಸಿ ಅಂದರು. ಅದು ಎಂದಿನ ಹಾಗೆ ತಿಂದುಕೊಂಡು ಚೆನ್ನಾಗೇ ಇತ್ತು, ಆಪರೇಷನ್ ಮಾತ್ರ ಅಷ್ಟು ದಿನ ಮುಂದೆ ಹೋಯಿತು.

ಆ ಹತ್ತು ದಿನದಲ್ಲಿ ಬುದ್ಧಿ ಬಂತು. ಎರಡು ಪ್ಲಾಸ್ಟಿಕ್ ತರಕಾರಿ ಕ್ರೇಟ್ ಬಾಯಿಗೆ ಬಾಯಿ ಸೇರಿಸಿ, ಒಂದು ಬದಿ ಹಗ್ಗದಲ್ಲಿ ಕಟ್ಟಿ ಬಾಗಿಲಿನ ಹಾಗೆ ಮಾಡಿದೆ. ಒಳಗೆ ಹಳೇ ಟವೆಲ್. ದಿನಾ ಊಟ ಅದರೊಳಗೇ. ಐದನೇ ದಿನಕ್ಕೆ ಅದೇ ಹೋಗಿ ಮಲಗುತ್ತಿತ್ತು. ಪಶು ಆಸ್ಪತ್ರೆಗೆ ಹೋಗುವ ದಿನ ಮುಚ್ಚಳ ಮುಚ್ಚಿ ಕಟ್ಟಿದ್ದಷ್ಟೇ ಕೆಲಸ. ಡಾಕ್ಟರು ಆಪರೇಷನ್ ಮಾಡಿ, ಎಡಗಿವಿಯ ತುದಿ ಕತ್ತರಿಸಿ, ರೇಬಿಸ್ ಲಸಿಕೆಯನ್ನೂ ಹಾಕಿದರು. ಖರ್ಚು ಮೂರು ಪಾಲು. ಹೊಲಿಗೆ ಒಣಗುವ ತನಕ ಉಗ್ರಾಣದಲ್ಲಿಟ್ಟೆ, ಮರಳು ತುಂಬಿದ ತಟ್ಟೆಯ ಜೊತೆ. ನೋವಿಗೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಕೊಡಬೇಡಿ, ಬೆಕ್ಕಿಗೆ ಅದು ವಿಷ. ನಾಯಿಗೆ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಔಷಧವೂ ಅಷ್ಟೇ.

ಆಗ ಬಾಣಂತನಕ್ಕೆ ನಾದಿನಿ ಬಂದಿದ್ದಳು, ಏಳು ತಿಂಗಳು. ಬೆಕ್ಕನ್ನು ಓಡಿಸಿ ಅಂತ ನೆಂಟರೆಲ್ಲ ಹೇಳಿದರು. ಡಾಕ್ಟರನ್ನೇ ಕೇಳಿದೆವು. ಟಾಕ್ಸೊಪ್ಲಾಸ್ಮಾ ಅನ್ನೋ ಪರಾವಲಂಬಿ ಬೆಕ್ಕಿನ ಮಲದಲ್ಲಿ ಬರಬಹುದು, ಆದರೆ ಹೊರಬಿದ್ದ ಮೇಲೆ ಅದು ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ತಟ್ಟೆಯನ್ನು ದಿನಾ ಬೇರೆಯವರು ತೆಗೆದರೆ ಸಾಕು. ನಾದಿನಿಗೆ ಆ ಕೆಲಸ ಕೊಡಲಿಲ್ಲ, ಅಷ್ಟೇ. ಅವಳಿಗೂ ಬೇಕಿರಲಿಲ್ಲ.

ನಿಮಗೆ ಬೆಕ್ಕು ಬೇಡವೇ ಬೇಡ ಅಂದರೆ? ತಪ್ಪೇನಿಲ್ಲ. ತಿನ್ನಲು ಕೊಡಬೇಡಿ, ನಾಯಿಯ ಬಟ್ಟಲು ರಾತ್ರಿ ಒಳಗಿಡಿ, ಅಟ್ಟದ ಕಿಂಡಿಗೆ ಜಾಲರಿ ಹೊಡೆಸಿ. ಕಿತ್ತಳೆ ಸಿಪ್ಪೆಯ ವಾಸನೆ ಅವಕ್ಕೆ ಆಗುವುದಿಲ್ಲ, ಕೊಡಗಿನಲ್ಲಿ ಅದಕ್ಕೇನು ಬರ? ಕಾಫಿ ಗಸಿ ಹರಡಿ ಅಂತ ಕೆಲವರು ಹೇಳುತ್ತಾರೆ, ಬೇಡ, ಕೆಫೀನ್ ಹೊಟ್ಟೆಗೆ ಹೋದರೆ ಬೆಕ್ಕು ಸಾಯಬಹುದು. ನುಸಿ ಗುಳಿಗೆಯೂ ವಿಷವೇ. ಚೀಲದಲ್ಲಿ ಕಟ್ಟಿ ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬರುವ ಹಳೇ ಉಪಾಯ ಮಾತ್ರ ಬಿಡಿ. ಎಷ್ಟೋ ಬೆಕ್ಕುಗಳು ವಾಪಸ್ ಬರುತ್ತವೆ, ಬರದವು ದಾರಿಯಲ್ಲಿ ಸಾಯಲೂಬಹುದು. ಸಾಕಿದ್ದನ್ನು ಹಾಗೆ ಬಿಟ್ಟರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಕೇಸೂ ಆಗುತ್ತೆ.

ಪುತ್ತರಿ ಹಬ್ಬ ಮುಗಿಯಿತು, ಕಾಫಿ ಕೊಯ್ಲು ಶುರುವಾಯಿತು. ಡಿಸೆಂಬರ್ ಕೊನೆಗೆ ಆ ಸಂಸಾರ ಲೈನ್ ಮನೆಗೆ ವಾಪಸ್ ಬಂತು. ಮರುದಿನದಿಂದಲೇ ಬೆಕ್ಕು ನಮ್ಮ ಕಡೆ ತಲೆ ಹಾಕಲಿಲ್ಲ. ತೋಡಿನ ಆಚೆಯವರು ಫೋನ್ ಮಾಡಿದರು, ಅಲ್ಲಿಗೂ ಇಲ್ಲ. ಹೋಗಿ ನೋಡಿದರೆ ಅದು ಆ ಹುಡುಗಿಯ ಮಡಿಲಲ್ಲಿ, ನನ್ನನ್ನು ಯಾರು ಅನ್ನೋ ಹಾಗೆ ನೋಡಿತು.

ಯಾರೋ ತಂದು ಬಿಟ್ಟ ಪೂಚೆ ಅಂದಿದ್ದ ಅತ್ತೆ ಈಗಲೂ ಮೀನು ಕೊಯ್ದ ದಿನ ತಲೆಯನ್ನು ಬೇಯಿಸಿ ಬೇರೆ ತೆಗೆದಿಡುತ್ತಾರೆ. "ಮಾರ್ಚ್‌ನಲ್ಲಿ ಬರುತ್ತೆ" ಅನ್ನುತ್ತಾರೆ. ಅಲ್ಲಿಯ ತನಕ ಅದು ನಾಯಿಗೆ.