ಬಳಸಿದ ಲೂಬುಟಾನ್ ಕೊಳ್ಳುವ ಮುನ್ನ: ಕರಾವಳಿಯವರಿಗೆ ಕೆಲವು ಮಾತು

ಚರ್ಚಿನ ಮದುವೆಗೋ ಸಂಜೆಯ ರಿಸೆಪ್ಶನ್‌ಗೋ ಕ್ರಿಶ್ಚಿಯನ್ ಲೂಬುಟಾನ್ ಹೀಲ್ಸ್ ಹಾಕಬೇಕೆಂದು ವರ್ಷಗಟ್ಟಲೆ ಆಸೆಪಟ್ಟವರು ಮಂಗಳೂರು, ಉಡುಪಿಯಲ್ಲಿ ಬೇಕಾದಷ್ಟಿದ್ದಾರೆ. 1991ರಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾದ ಈ ಕಂಪನಿಯ ಕೆಂಪು ಸೋಲ್ ಎಷ್ಟು ಹೆಸರಾಗಿದೆಯೆಂದರೆ, 2017ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಸುಪ್ರಸಿದ್ಧ ಟ್ರೇಡ್‌ಮಾರ್ಕ್ ಎಂದೇ ಒಪ್ಪಿಕೊಂಡಿತು. ಹೊಸ ಜೋಡಿಯ ಬೆಲೆ ಹೆಚ್ಚಿನವರ ಕೈಗೆ ಎಟುಕುವುದಿಲ್ಲ, ಬಳಸಿದ್ದು ಎಟುಕುತ್ತದೆ. ಆದರೆ ಫೋಟೊದಲ್ಲಿ ಹೊಳಪು ನೋಡಿ ಹಣ ಕಳಿಸಿ, ಪೆಟ್ಟಿಗೆ ತೆರೆದಾಗ ಅಳುವವರನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಅದಕ್ಕಾಗಿಯೇ ಈ ಲೇಖನ.

ಮೊದಲು ಅಳತೆ. ಪಾದ ಸ್ವಲ್ಪ ಊದಿಕೊಂಡಿರುವ ಸಂಜೆಯ ಹೊತ್ತಿನಲ್ಲಿ ಕಾಗದದ ಮೇಲೆ ನಿಂತು ಗೆರೆ ಎಳೆಯಿರಿ. ಯುರೋಪಿನ ಅಳತೆಯಲ್ಲಿ ಮೂರು ಸೈಜಿಗೆ ಎರಡು ಸೆಂಟಿಮೀಟರ್, ಅಂದರೆ ಅರ್ಧ ಸೈಜಿಗೆ ಮೂರು ಮಿಲಿಮೀಟರ್‌ಗಿಂತ ತುಸು ಹೆಚ್ಚು. ಮೊದಲು ಹಾಕಿದವರ ಕಾಲಿಗೆ ಚರ್ಮ ಹಿಗ್ಗಿರುತ್ತದೆ. ಹಾಗಾಗಿ ಸೈಜಿನ ಸಂಖ್ಯೆಯನ್ನು ನಂಬದೆ, ಒಳಗಿನ ಉದ್ದವನ್ನು ಟೇಪಿನಿಂದ ಅಳೆದು ತೋರಿಸಲು ಮಾರುವವರನ್ನು ಕೇಳಿ.

ಇನ್ನು ಪರೀಕ್ಷೆ. ಎಲ್ಲರೂ ಎಡವುವುದು ಇಲ್ಲಿ. ಮೇಲಿನಿಂದ ತೆಗೆದ ಅಂದದ ಫೋಟೊಗಳಿಂದ ಏನೂ ತಿಳಿಯುವುದಿಲ್ಲ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಸೋಲಿನದು, ಹಿಮ್ಮಡಿಯ ತುದಿಯದು, ಒಳಭಾಗದ್ದು ಬೇರೆ ಬೇರೆ ಫೋಟೊ ತರಿಸಿಕೊಳ್ಳಿ. ಆ ದಿನದ ಪತ್ರಿಕೆಯನ್ನು ಪಕ್ಕದಲ್ಲಿಟ್ಟು ತೆಗೆಯಲು ಹೇಳಿ. ವಸ್ತು ಅವರ ಕೈಯಲ್ಲೇ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಈ ಸೋಲ್ ಚರ್ಮದ್ದು, ಅದರ ಮೇಲೆ ಹೊಳಪಿನ ಕೆಂಪು ಬಣ್ಣದ ಲೇಪ, ಅಂದರೆ ಲ್ಯಾಕರ್, ಬಳಿದಿರುತ್ತಾರೆ. ಕೆಲವು ಸಲ ನಡೆದರೂ ಅದು ಸವೆಯುತ್ತದೆ, ಅದು ದೋಷವಲ್ಲ. ಹಿಮ್ಮಡಿಯ ತುದಿ ಸವೆದಿದ್ದೂ ಸೋಲ್ ಮಾತ್ರ ಹೊಚ್ಚಹೊಸದಾಗಿ ಕೆಂಪಗೆ ಕಂಡರೆ ಅನುಮಾನ ಪಡಿ. ಯಾರೋ ಮತ್ತೆ ಬಣ್ಣ ಬಳಿದಿರಬಹುದು. ಒತ್ತಿದ ಅಕ್ಷರಗಳ ಗುಳಿಯಲ್ಲಿ ಬಣ್ಣ ತುಂಬಿಕೊಂಡಿದೆಯೇ, ಸೋಲ್ ಮತ್ತು ಮೇಲ್ಚರ್ಮ ಸೇರುವ ಅಂಚಿನಲ್ಲಿ ಕೆಂಪು ಹರಡಿದೆಯೇ ನೋಡಿ. ಪೆಟ್ಟಿಗೆ, ಬಟ್ಟೆಯ ಚೀಲ, ಬಿಲ್ಲು ಇದ್ದರೆ ಅಸಲಿ ಎಂದು ತೀರ್ಮಾನಿಸಬೇಡಿ. ಅವು ಬೇರೆಯಾಗಿಯೂ ಮಾರಾಟಕ್ಕೆ ಸಿಗುತ್ತವೆ.

ಅದಕ್ಕಿಂತ ಮುಖ್ಯವಾದದ್ದು ಒಳಗಿನ ಸ್ಥಿತಿ. ಹೀಲ್ಸ್‌ನ ನಡುವಿನ ಬಾಗನ್ನು ಹಿಡಿದಿಡುವುದು ಒಳಗೆ ಅಡಗಿರುವ ಉಕ್ಕಿನ ಪಟ್ಟಿ. ಸಮತಟ್ಟಾದ ಮೇಜಿನ ಮೇಲಿಟ್ಟು ನಡುವೆ ಬೆರಳಿನಿಂದ ಒತ್ತುವ ವಿಡಿಯೊ ಕೇಳಿ. ಅಲ್ಲಿ ಕುಸಿದರೆ ಅಥವಾ ಹಿಮ್ಮಡಿ ಅಲುಗಾಡಿದರೆ ಎಷ್ಟೇ ಅಗ್ಗವಾದರೂ ಬೇಡ. ಅಂಚುಗಳಲ್ಲಿ ಬಿಳಿ ಚುಕ್ಕೆ ಕಂಡರೆ ಬೂಷ್ಟು ಹಿಡಿದಿರಬಹುದು, ಕೈಬಿಡಿ. ಕನ್ನಡಿಯಂತೆ ಹೊಳೆಯುವ ಲೇಪನದ ಚರ್ಮ, ಅಂದರೆ ಪೇಟೆಂಟ್ ಲೆದರ್, ಕೂಡ ನಮ್ಮ ಊರಿಗೆ ಸಲ್ಲದು: ಸೆಕೆ, ತೇವಕ್ಕೆ ಅಂಟಂಟಾಗುತ್ತದೆ, ಪಕ್ಕದ ವಸ್ತುವಿನ ಬಣ್ಣ ಹೀರಿಕೊಂಡರೆ ಮತ್ತೆ ಹೋಗುವುದಿಲ್ಲ. ಸಾದಾ ಚರ್ಮವನ್ನೇ ಆರಿಸಿ. ಫೋಮ್‌ನಂಥ ಪಾಲಿಯುರಿಥೇನ್ ಸೋಲಿನ ಹಳೆಯ ಡಿಸೈನರ್ ಶೂಗಳನ್ನಂತೂ ಮುಟ್ಟಲೇಬೇಡಿ. ಗಾಳಿಯ ತೇವಾಂಶದಿಂದಲೇ ಅದು ಒಡೆಯುತ್ತದೆ. ಒಮ್ಮೆಯೂ ಹಾಕದೆ ಪೆಟ್ಟಿಗೆಯಲ್ಲಿಟ್ಟದ್ದೂ ಪುಡಿಪುಡಿಯಾಗುತ್ತದೆ.

ದುಬೈಯಲ್ಲಿರುವ ಅಣ್ಣನೋ ಅತ್ತಿಗೆಯೋ ಊರಿಗೆ ಬರುವಾಗ ತರುವುದಾದರೆ, ಅಲ್ಲಿಯೇ ಕೈಯಲ್ಲಿ ಹಿಡಿದು ನೋಡಲು ಹೇಳಿ. ಪಾರ್ಸೆಲ್ ಬಂದರೆ ತೆರೆಯುವುದನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ.

ಕೈಸೇರಿದ ಮೇಲೆ ಫ್ಯಾನಿನ ಕೆಳಗೆ ಒಂದು ದಿನ ಇಡಿ. ಬಿಸಿಲಿಗೆ ಇಟ್ಟರೆ ಚರ್ಮ ಬಿರಿಯುತ್ತದೆ. ಒಳಗಿನ ಲೈನಿಂಗನ್ನು ಮಾತ್ರ ಸ್ಪಿರಿಟ್ ಅದ್ದಿ ಹಿಂಡಿದ ಹತ್ತಿಯಿಂದ, ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಒರೆಸಿ. ತೆಂಗಿನ ಎಣ್ಣೆ ಹಚ್ಚಿ ಎಂದು ಹಿರಿಯರು ಹೇಳುತ್ತಾರೆ, ದಯವಿಟ್ಟು ಹಚ್ಚಬೇಡಿ. ಚರ್ಮ ಕಪ್ಪಾಗುತ್ತದೆ, ಮಳೆಗಾಲದಲ್ಲಿ ಬೂಷ್ಟಿಗೆ ಅದೇ ಆಹಾರ. ಸ್ಪಂಜಿನ ತುದಿಯ ದಿಢೀರ್ ಹೊಳಪಿನ ಬಾಟಲಿಯೂ ಬೇಡ. ತೆಳುವಾಗಿ ಕ್ರೀಮ್ ಪಾಲಿಶ್, ಮೆತ್ತನೆಯ ಬ್ರಷ್ ಸಾಕು.

ಲ್ಯಾಕರ್ ಬಳಿದ ಸೋಲ್ ನುಣುಪು ನೆಲದಲ್ಲಿ ಜಾರುತ್ತದೆ. ನುರಿತ ರಿಪೇರಿಯವರ ಬಳಿ ಸೋಲಿನ ಮುಂಭಾಗಕ್ಕೆ ತೆಳ್ಳಗಿನ ಕೆಂಪು ರಬ್ಬರ್ ಹಾಫ್ ಸೋಲ್ ಅಂಟಿಸಿಕೊಳ್ಳಿ. ಅಂಟು ಹಿಡಿಯಲು ಅವರು ಮೊದಲು ಲ್ಯಾಕರ್ ಉಜ್ಜಬೇಕಾಗುತ್ತದೆ, ಗಾಬರಿಯಾಗಬೇಡಿ. ಸವೆದ ಹಿಮ್ಮಡಿಯ ತುದಿಯನ್ನೂ ಅಂದೇ ಬದಲಿಸಿ. ತಡಮಾಡಿದರೆ ಹಿಮ್ಮಡಿಯೇ ಸವೆಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿ ಬಲ್ಬು ಉರಿಸಿಡುವ ಹಳೆಯ ಪದ್ಧತಿ ಎಲ್‌ಇಡಿ ಬಂದ ಮೇಲೆ ಕೆಲಸಕ್ಕೆ ಬರುವುದಿಲ್ಲ, ಅದರಿಂದ ಕಪಾಟಿನ ತೇವ ಆರುವಷ್ಟು ಬಿಸಿ ಬರುವುದಿಲ್ಲ. ಒಳಗೆ ಬಿಳಿ ಕಾಗದ ತುಂಬಿ, ಬಟ್ಟೆಯ ಚೀಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಇಡಿ. ಗಾಳಿಯ ತೇವ ಹೀರಿ ನೀರು ತುಂಬಿಕೊಳ್ಳುವ ಉಪ್ಪಿನ ಪ್ಲಾಸ್ಟಿಕ್ ಡಬ್ಬಿಗಳನ್ನು ಅದೇ ಅರೆಯಲ್ಲಿ ಇಡಬೇಡಿ. ಮಗುಚಿದರೆ ಉಪ್ಪುನೀರು ಚರ್ಮವನ್ನು ಕೆಡಿಸುತ್ತದೆ. ವಾರಕ್ಕೊಮ್ಮೆ ಹೊರತೆಗೆದು ಗಾಳಿಗಿಡಿ, ಕಾಗದ ಬದಲಿಸಿ.