ಮೊದಲು ವಸ್ತು, ಆಮೇಲೆ ವಚನ

ಮಂಗಳೂರಿನ ನಮ್ಮ ಸಭೆಯವರು ವಾರದ ನಡುವೆ ಮನೆಗಳಲ್ಲಿ ಸೇರಿ ನಡೆಸುವ ಪ್ರಾರ್ಥನಾ ಕೂಟದಲ್ಲಿ ಹತ್ತು ನಿಮಿಷ ದೇವರ ವಾಕ್ಯವನ್ನು ಹಂಚಿಕೊಳ್ಳುವ ಹೊಣೆ ಹಲವು ವರ್ಷಗಳಿಂದ ನನ್ನ ಮೇಲಿದೆ. ನನಗೆ ದೇವಶಾಸ್ತ್ರದ ಪದವಿಯಿಲ್ಲ. ಕೂಟಕ್ಕೆ ಬರುವವರಲ್ಲಿ ಮೀನುಗಾರರ ಮನೆಯವರು, ಹೊಲಿಗೆಯಿಂದ ಜೀವನ ಸಾಗಿಸುವವರು, ಹಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಕಾಲೇಜಿಗೆ ಹೋಗುವ ಮಕ್ಕಳು ಎಲ್ಲರೂ ಇದ್ದಾರೆ. ಇವರ ಕೈಗೆ ದಿನವೂ ಸಿಗುವ ವಸ್ತುಗಳ ಮೂಲಕವೇ ಸುವಾರ್ತೆಯನ್ನು ಹೇಳಬೇಕೆಂಬ ಆಸೆ ನನಗೆ ಮೊದಲಿನಿಂದಲೂ ಇತ್ತು. ಬಿತ್ತುವವನು, ಬಲೆ, ಕಳೆದುಹೋದ ನಾಣ್ಯ, ಹುಳಿಹಿಟ್ಟು ಮೊದಲಾದವುಗಳಿಂದಲೇ ದೇವರ ರಾಜ್ಯವನ್ನು ತೋರಿಸಿದ ಯೇಸು ಸ್ವಾಮಿಯವರ ಮಾದರಿಗಿಂತ ಬೇರೆ ಮಾದರಿಯನ್ನು ನಾವು ಹುಡುಕಬೇಕಾಗಿಲ್ಲ.

ಆದರೆ ಈ ಕೆಲಸ ಸುಲಭವಾಗಿ ಸಡಿಲಗೊಳ್ಳುತ್ತದೆ. ಮೊಬೈಲಿಗೆ ಚಾರ್ಜ್ ಬೇಕು, ಆತ್ಮಕ್ಕೆ ಪ್ರಾರ್ಥನೆ ಬೇಕು ಎಂಬ ಬಗೆಯ ಮಾತುಗಳನ್ನು ನಾವೆಲ್ಲರೂ ಕೇಳಿದ್ದೇವೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೂ ಆ ಮಾತನ್ನು ಹೇಳುವುದಕ್ಕೆ ಮೊಬೈಲನ್ನು ಗಮನಿಸಬೇಕಾಗಿಲ್ಲ, ಸತ್ಯವೇದವನ್ನು ತೆರೆಯಬೇಕಾಗಿಯೂ ಇಲ್ಲ; ನಮಗೆ ಮೊದಲೇ ಗೊತ್ತಿದ್ದ ಮಾತಿಗೆ ಒಂದು ವಸ್ತುವನ್ನು ಅಂಟಿಸಿದಂತಾಗುತ್ತದೆ, ಅಷ್ಟೆ. ಜ್ಞಾನೋಕ್ತಿಗಳ 24ನೆಯ ಅಧ್ಯಾಯದಲ್ಲಿ ಸೋಮಾರಿಯ ಹೊಲದ ಬಳಿ ಹಾದುಹೋಗುವ ಜ್ಞಾನಿಯು ಮುಳ್ಳುಗಿಡಗಳನ್ನೂ ಕಳೆಯನ್ನೂ ಬಿದ್ದ ಕಲ್ಲುಗೋಡೆಯನ್ನೂ ಮೊದಲು ನೋಡುತ್ತಾನೆ, ನೋಡಿದ್ದನ್ನು ಮನಸ್ಸಿಗೆ ತಂದುಕೊಳ್ಳುತ್ತಾನೆ, ಆನಂತರವೇ ಅದರಿಂದ ಶಿಕ್ಷಣ ಪಡೆಯುತ್ತಾನೆ. ಯೆರೆಮೀಯನನ್ನು ಕರೆದಾಗಲೂ ದೇವರು ಅರ್ಥವನ್ನು ಮುಂಚೆಯೇ ಹೇಳಿಬಿಡದೆ, ನಿನಗೆ ಏನು ಕಾಣುತ್ತದೆ ಎಂದು ಕೇಳುತ್ತಾನೆ. ಪ್ರವಾದಿಯು ಉತ್ತರ ಕೊಟ್ಟ ಮೇಲೆ, ಸರಿಯಾಗಿ ನೋಡಿದೆ ಎಂದು ಮೆಚ್ಚುತ್ತಾನೆ. ಈ ಕ್ರಮವನ್ನು ನಾನು ನನ್ನ ಅಭ್ಯಾಸವಾಗಿ ಮಾಡಿಕೊಂಡೆ.

ಅದಕ್ಕಾಗಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಪುಟದಲ್ಲಿ ಕಂಡ ವಸ್ತುವಿನ ವಿಷಯವನ್ನಷ್ಟೇ ಬರೆಯುತ್ತೇನೆ: ಅದನ್ನು ಯಾರು ಮಾಡುತ್ತಾರೆ, ಹೇಗೆ ಮಾಡುತ್ತಾರೆ, ಯಾವುದು ಕೈಕೊಟ್ಟರೆ ಕೆಲಸ ಕೆಡುತ್ತದೆ. ಆ ಪುಟದಲ್ಲಿ ದೇವರು, ಆತ್ಮ, ನಂಬಿಕೆ ಎಂಬ ಮಾತುಗಳು ಬರಕೂಡದೆಂಬ ನಿಯಮವನ್ನು ನಾನೇ ಹಾಕಿಕೊಂಡಿದ್ದೇನೆ. ಬಲಪುಟವು ಖಾಲಿಯಾಗಿ ಕಾಯುತ್ತದೆ. ದಿನಕ್ರಮದಂತೆ ಸತ್ಯವೇದವನ್ನು ಓದುತ್ತಿರುವಾಗ ಯಾವುದಾದರೂ ಭಾಗವು ಎಡಪುಟದ ವಸ್ತುವನ್ನು ತಾನಾಗಿ ಮುಟ್ಟಿದರೆ ಮಾತ್ರ ಅದನ್ನು ಅಲ್ಲಿ ಬರೆಯುತ್ತೇನೆ. ಎಷ್ಟೋ ಬಲಪುಟಗಳು ಇಂದಿಗೂ ಖಾಲಿ ಇವೆ, ಅವನ್ನು ತುಂಬಿಸುವ ಅವಸರವೂ ನನಗಿಲ್ಲ.

ಈ ಕ್ರಮದಿಂದ ನನಗೆ ದೊರೆತ ಮೊದಲನೆಯ ದೊಡ್ಡ ಲಾಭವು ಸೀರೆಯ ಫಾಲ್‌ನಿಂದ ಬಂತು. ಕೂಟದ ಸಹೋದರಿಯೊಬ್ಬರು ಸೀರೆಗಳಿಗೆ ಫಾಲ್ ಹೊಲಿದುಕೊಡುತ್ತಾರೆ. ಹೊಸ ಫಾಲನ್ನು ಅವರು ನೇರವಾಗಿ ಎಂದೂ ಹೊಲಿಯುವುದಿಲ್ಲ. ಮೊದಲು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡುತ್ತಾರೆ. ಹತ್ತಿಯ ಬಟ್ಟೆ ಮೊದಲ ಬಾರಿ ನೀರು ಕಂಡಾಗ ಕುಗ್ಗುತ್ತದೆ. ಸೀರೆಗೆ ಹೊಲಿದ ಮೇಲೆ ಫಾಲ್ ಕುಗ್ಗಿದರೆ ಅಂಚೆಲ್ಲ ಸುಕ್ಕುಗಟ್ಟಿ ಎಳೆದುಕೊಳ್ಳುತ್ತದೆ, ಸೀರೆ ಹಳೆಯದಾಗಿದ್ದರೆ ಹೊಲಿಗೆಯ ಬಳಿ ಹರಿದೂಹೋಗುತ್ತದೆ. ಇದನ್ನು ಎಡಪುಟದಲ್ಲಿ ಬರೆದ ಕೆಲವು ವಾರಗಳ ಬಳಿಕ ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ, ಹಳೆಯ ವಸ್ತ್ರಕ್ಕೆ ಹೊಸ ಬಟ್ಟೆಯ ತೇಪೆಯನ್ನು ಯಾರೂ ಹಚ್ಚುವುದಿಲ್ಲ ಎಂಬ ಮಾತನ್ನು ಓದಿದೆ. ಅದಕ್ಕೂ ಮೊದಲು ಆ ವಚನವನ್ನು ಓದುವಾಗಲೆಲ್ಲ, ಹಳೆಯದು ಕೀಳು, ಹೊಸದು ಮೇಲು ಎಂಬಷ್ಟೇ ನನ್ನ ಮನಸ್ಸಿಗೆ ಬರುತ್ತಿತ್ತು. ಫಾಲ್ ಹೊಲಿಯುವ ಕೈಗಳನ್ನು ನೋಡಿದ ಮೇಲೆ ಸ್ವಾಮಿಯವರ ಮಾತಿನಲ್ಲಿ ಹಳೆಯ ವಸ್ತ್ರದ ಮೇಲಿರುವ ಕಾಳಜಿ ಕಂಡಿತು. ತೇಪೆಯು ಹಳೆಯ ವಸ್ತ್ರವನ್ನು ಉಳಿಸಬೇಕಿತ್ತು, ಅದರ ಬದಲು ಹರಕನ್ನೇ ಹೆಚ್ಚಿಸಿತು. ಲೂಕನು ಇದೇ ಮಾತನ್ನು ಬರೆಯುವಾಗ ತೇಪೆಯನ್ನು ಹೊಸ ವಸ್ತ್ರದಿಂದಲೇ ಹರಿದು ತೆಗೆದದ್ದೆಂದು ಹೇಳುತ್ತಾನೆ. ಅಲ್ಲಿ ಹೊಸದೂ ಕೆಡುತ್ತದೆ, ಹಳೆಯದಕ್ಕೆ ಅದು ಒಪ್ಪುವುದೂ ಇಲ್ಲ.

ಆ ವಾರ ಕೂಟದಲ್ಲಿ ನಾನು ಮಾತಾಡಿದ್ದು ಕಡಿಮೆ. ಫಾಲನ್ನು ನೆನೆಸುವುದು ಏಕೆಂದು ಆ ಸಹೋದರಿಯೇ ವಿವರಿಸಿದರು, ನಾನು ವಚನವನ್ನು ಓದಿದೆ. ಯೇಸುವಿನ ಶಿಷ್ಯರು ಏಕೆ ಉಪವಾಸ ಮಾಡುವುದಿಲ್ಲ ಎಂಬ ಪ್ರಶ್ನೆಗೆ ಉತ್ತರವಾಗಿ ಈ ಮಾತು ಬಂದಿತ್ತೆಂಬುದನ್ನು ನೆನಪಿಸಿಕೊಂಡು, ಯೇಸುವನ್ನು ನಮ್ಮ ಹಳೆಯ ಬದುಕಿನ ಒಂದು ಹರಕಿಗೆ ಮಾತ್ರ ಹಚ್ಚಿಕೊಂಡು ಉಳಿದದ್ದನ್ನು ಇದ್ದಂತೆಯೇ ಇಟ್ಟುಕೊಳ್ಳಲು ನಾವು ಎಲ್ಲೆಲ್ಲಿ ಯತ್ನಿಸುತ್ತೇವೆ ಎಂಬುದನ್ನು ಎಲ್ಲರೂ ಕೂಡಿ ಚರ್ಚಿಸಿದೆವು. ತಮ್ಮ ಕೈಕೆಲಸವನ್ನು ಬಲ್ಲವರು ಸತ್ಯವೇದದ ಆ ಭಾಗಕ್ಕೆ ನನಗಿಂತ ಉತ್ತಮ ವ್ಯಾಖ್ಯಾನಕಾರರೆಂಬ ನಂಬಿಕೆ ನನ್ನಲ್ಲಿ ಅಂದಿನಿಂದ ಬೇರೂರಿದೆ. ಈಗ ನಾನು ಯಾವ ವಸ್ತುವಿನ ಬಗ್ಗೆಯೂ ಅದನ್ನು ಬಳಸುವವರನ್ನು ಕೇಳದೆ ಮಾತಾಡುವುದಿಲ್ಲ.

ವಸ್ತುವೂ ವಚನವೂ ಪೂರ್ತಿಯಾಗಿ ಹೊಂದದ ಕಡೆಗಳಲ್ಲಿ ಇನ್ನೂ ಹೆಚ್ಚಿನದು ಸಿಗುತ್ತದೆ. ಮತ್ತಾಯನ 13ನೆಯ ಅಧ್ಯಾಯದ ಹುಳಿಹಿಟ್ಟಿನ ಸಾಮ್ಯವನ್ನು ಹೇಳಲು ನಮ್ಮ ಅಡುಗೆಮನೆಯ ಇಡ್ಲಿಹಿಟ್ಟಿಗಿಂತ ಹತ್ತಿರದ್ದು ಯಾವುದಿದೆ ಎಂದು ಯಾರಿಗೂ ಅನ್ನಿಸುತ್ತದೆ. ಆದರೆ ಇಡ್ಲಿಹಿಟ್ಟಿಗೆ ನಾವು ಹೊರಗಿನಿಂದ ಏನನ್ನೂ ಬೆರೆಸುವುದಿಲ್ಲ. ಅಕ್ಕಿ ಉದ್ದುಗಳಲ್ಲಿ, ಮುಖ್ಯವಾಗಿ ಉದ್ದಿನಲ್ಲಿ, ಮೊದಲೇ ಇರುವ ಸೂಕ್ಷ್ಮಜೀವಿಗಳೇ ರಾತ್ರಿಯಿಡೀ ಕೆಲಸ ಮಾಡಿ ಅದನ್ನು ಉಬ್ಬಿಸುತ್ತವೆ. ಸಾಮ್ಯದಲ್ಲಿ ಹಾಗಿಲ್ಲ. ಅಲ್ಲಿ ಒಬ್ಬ ಹೆಂಗಸು ಹುಳಿಹಿಟ್ಟನ್ನು ತೆಗೆದುಕೊಂಡು ಹಿಟ್ಟಿನಲ್ಲಿ ಅಡಗಿಸಿಡುತ್ತಾಳೆ. ಹಿಟ್ಟು ತಾನಾಗಿ ಉಬ್ಬಲಾರದು, ಅದನ್ನು ಬದಲಾಯಿಸುವುದು ಹೊರಗಿನಿಂದ ಬಂದು ಒಳಗೆ ಸೇರಬೇಕು. ದೇವರ ರಾಜ್ಯವು ನಮ್ಮ ಒಳ್ಳೆಯತನವೇ ಮೆಲ್ಲಗೆ ಉಬ್ಬಿಬಂದು ಆಗುವಂಥದ್ದೆಂದು ಇಡ್ಲಿಹಿಟ್ಟು ಹೇಳಿಬಿಡುವ ಅಪಾಯವಿದೆ. ಸುವಾರ್ತೆಯು ಹೇಳುವುದು ಕೃಪೆಯ ಮಾತನ್ನು. ಈ ವ್ಯತ್ಯಾಸವನ್ನು ಮುಚ್ಚಿಡದೆ ಕೂಟದಲ್ಲಿ ಹೇಳಿದಾಗ, ನೆರೆಯ ಕಥೋಲಿಕ ಮನೆಯಿಂದ ಬಂದಿದ್ದ ಹಿರಿಯ ತಾಯಿಯೊಬ್ಬರು, ಹಾಗಾದರೆ ನಮ್ಮ ಸನ್ನವನ್ನು ತೆಗೆದುಕೊಳ್ಳಿ ಎಂದರು. ಸನ್ನವೆಂದರೆ ಇಡ್ಲಿಯಂತೆಯೇ ಹಬೆಯಲ್ಲಿ ಬೇಯಿಸುವ ಅಕ್ಕಿಯ ತಿಂಡಿ. ಹಬ್ಬಕ್ಕೆ ಸನ್ನ ಮಾಡುವವರು ಹಿಂದಿನಿಂದಲೂ ಹಿಟ್ಟಿಗೆ ಕಳ್ಳನ್ನು ಬೆರೆಸುತ್ತಿದ್ದರು, ಈಗ ಹಲವರು ಈಸ್ಟ್ ಬಳಸುತ್ತಾರೆ. ಹೊರಗಿನಿಂದ ಬಂದ ಸ್ವಲ್ಪವೇ ಇಡೀ ಪಾತ್ರೆಯನ್ನು ಎಬ್ಬಿಸುತ್ತದೆ. ಸಾಮ್ಯಕ್ಕೆ ಹೊಂದುವ ವಸ್ತು ಅವರ ಅಡುಗೆಮನೆಯಲ್ಲೇ ಇತ್ತು.

ಆ ಸಾಮ್ಯದಲ್ಲಿರುವ ಅಳತೆಯನ್ನೂ ನಾವು ಸಾಮಾನ್ಯವಾಗಿ ದಾಟಿಕೊಂಡು ಹೋಗುತ್ತೇವೆ. ಅಲ್ಲಿ ಹೇಳಿರುವ ಮೂರು ಅಳತೆ ಹಿಟ್ಟು ಒಂದು ಮನೆಯ ಊಟಕ್ಕೆ ಬೇಕಾದಷ್ಟಲ್ಲ. ಇಂದಿನ ಲೆಕ್ಕದಲ್ಲಿ ಅದು ಸುಮಾರು 36 ಲೀಟರಿಗೂ ಮಿಕ್ಕಿ, ನೂರು ಜನರಿಗೆ ಸಾಕಾಗುವಷ್ಟು. ಆದಿಕಾಂಡದ 18ನೆಯ ಅಧ್ಯಾಯದಲ್ಲಿ ಮೂವರು ಅತಿಥಿಗಳು ಬಂದಾಗ ಅಬ್ರಹಾಮನು ಸಾರಳಿಗೆ ನಾದಲು ಹೇಳಿದ್ದೂ ಇದೇ ಮೂರು ಅಳತೆಯನ್ನು. ಮದುವೆಯ ಅಡುಗೆಗೆ ಹಿಟ್ಟು ಕಲಸಿದ ಅನುಭವವಿರುವವರಿಗೆ ಆ ಹೆಂಗಸಿನ ತೋಳುಗಳ ಶ್ರಮವೂ ಗೊತ್ತು, ಅವಳು ಎಣಿಸಿದ ಪಂಕ್ತಿ ಎಷ್ಟು ದೊಡ್ಡದೆಂಬುದೂ ಗೊತ್ತು. ಇದನ್ನು ಹೇಳಿದಾಗ ಕೂಟದಲ್ಲಿದ್ದವರ ಮುಖಗಳು ಅರಳಿದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ಹಂಚಿನ ಪಾಠ ಇದಕ್ಕಿಂತ ಗಂಭೀರವಾದದ್ದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ನಮ್ಮ ಸಭೆಗಳ ಎಷ್ಟೋ ಕುಟುಂಬಗಳ ಅನ್ನ ಆ ಜೇಡಿಮಣ್ಣಿನಿಂದಲೇ ಬಂದದ್ದು. ಹಾಗಾಗಿ ಯೆರೆಮೀಯನ 18ನೆಯ ಅಧ್ಯಾಯದ ಕುಂಬಾರನು ನಮ್ಮಲ್ಲಿ ಬಹಳ ಪ್ರಿಯನು: ಕೈಯಲ್ಲಿ ಕೆಟ್ಟುಹೋದ ಪಾತ್ರೆಯನ್ನು ಅವನು ಅದೇ ಮಣ್ಣಿನಿಂದ ಮತ್ತೊಂದಾಗಿ ಮಾಡುತ್ತಾನೆ. ಕಾರ್ಖಾನೆಯಲ್ಲಿ ದುಡಿದ ಹಿರಿಯರೊಬ್ಬರ ಬಳಿ ಇದನ್ನು ವಿಚಾರಿಸಿದಾಗ ಅವರು ಒಂದು ಮಾತು ಸೇರಿಸಿದರು. ಅಚ್ಚಿನಿಂದ ಬಂದ ಹಸಿ ಹಂಚು ಸೊಟ್ಟಗಾದರೆ ಅದನ್ನು ಮತ್ತೆ ಮಣ್ಣಿನ ರಾಶಿಗೆ ಹಾಕಿ ಅರೆಯಬಹುದು. ಗೂಡಿನಲ್ಲಿ ಸುಟ್ಟ ಮೇಲೆ ಒಡೆದರೆ ಅದನ್ನು ಎಷ್ಟು ನೆನೆಸಿದರೂ ಮತ್ತೆ ಮಣ್ಣಾಗುವುದಿಲ್ಲ. ಹಾಗೆ ಒಡೆದದ್ದನ್ನು ಕುಟ್ಟಿ ಪುಡಿಮಾಡಿ ಸುಣ್ಣದ ಗಾರೆಗೆ ಸುರ್ಕಿಯಾಗಿ ಬೆರೆಸುತ್ತಿದ್ದರಂತೆ.

ಈ ಮಾತು ನನ್ನನ್ನು ಮುಂದಿನ ಅಧ್ಯಾಯಕ್ಕೆ ಒಯ್ದಿತು. 19ನೆಯ ಅಧ್ಯಾಯದಲ್ಲಿ ಅದೇ ಯೆರೆಮೀಯನು ಸುಟ್ಟ ಮಣ್ಣಿನ ಕೂಜೆಯೊಂದನ್ನು ಕೊಂಡು, ಹಿನ್ನೋಮ್ ಕಣಿವೆಯಲ್ಲಿ ಹಿರಿಯರ ಕಣ್ಣೆದುರಿಗೆ ಒಡೆದುಹಾಕಿ, ಇದನ್ನು ಮತ್ತೆ ಸರಿಪಡಿಸಲಾಗದು ಎಂದು ಸಾರುತ್ತಾನೆ. ಹಸಿ ಮಣ್ಣಿನ ಅಧ್ಯಾಯವನ್ನು ಅಷ್ಟು ಪ್ರೀತಿಯಿಂದ ಓದುವ ನಾವು ಸುಟ್ಟ ಮಣ್ಣಿನ ಅಧ್ಯಾಯವನ್ನು ಮುಚ್ಚಿಟ್ಟರೆ ಮಣ್ಣಿನ ವಿಷಯದಲ್ಲೂ ದೇವರ ವಿಷಯದಲ್ಲೂ ಅರ್ಧ ಸತ್ಯವನ್ನೇ ಹೇಳಿದಂತಾಗುತ್ತದೆ. ಎರಡನ್ನೂ ಒಟ್ಟಿಗೆ ಓದಿದ ಸಂಜೆ ಯುವಕನೊಬ್ಬನು, ಹಾಗಾದರೆ ಗಟ್ಟಿಯಾಗಿಹೋದವರಿಗೆ ಮುಂದೇನು ಎಂದು ಕೇಳಿದನು. ಆ ಪ್ರಶ್ನೆಗೆ ಕೂಡಲೇ ಸಮಾಧಾನದ ಮಾತು ಹೇಳುವ ಬದಲು ಯೆರೆಮೀಯನನ್ನೇ ಮುಂದಕ್ಕೆ ಓದೋಣವೆಂದೆವು. 32ನೆಯ ಅಧ್ಯಾಯದಲ್ಲಿ, ಬಾಬೆಲಿನ ದಂಡು ಯೆರೂಸಲೇಮನ್ನು ಮುತ್ತಿರುವಾಗ, ಸೆರೆಯಲ್ಲಿರುವ ಪ್ರವಾದಿಯು ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿಗೆ ಕೊಂಡು, ಕ್ರಯಪತ್ರವು ಬಹುಕಾಲ ಉಳಿಯುವಂತೆ ಅದನ್ನು ಮಣ್ಣಿನ ಪಾತ್ರೆಯಲ್ಲಿಡಲು ತನ್ನ ಲಿಪಿಕಾರನಾದ ಬಾರೂಕನಿಗೆ ಹೇಳುತ್ತಾನೆ. ಕಾಗದವನ್ನು ಕಾಯುವ ಕೆಲಸ ಹಸಿ ಮಣ್ಣಿನಿಂದ ಆಗದು. ಒಂದೇ ಪುಸ್ತಕದಲ್ಲಿ ಮಣ್ಣು ಮೂರು ಸಲ ಬಂದು ಕರುಣೆಯನ್ನೂ ನ್ಯಾಯತೀರ್ಪನ್ನೂ ನಿರೀಕ್ಷೆಯನ್ನೂ ಹೊತ್ತು ನಿಂತಿದೆ, ಆ ಹಿರಿಯರ ಮಾತಿಲ್ಲದಿದ್ದರೆ ನಾನು ಮೊದಲನೆಯದರಲ್ಲೇ ನಿಂತುಬಿಡುತ್ತಿದ್ದೆನು.

ಕೆಲವು ಪಾಠಗಳಿಗೆ ಇಷ್ಟು ಹುಡುಕಾಟ ಬೇಕಾಗುವುದಿಲ್ಲ. ಲೂಕನ 12ನೆಯ ಅಧ್ಯಾಯದಲ್ಲಿ, ಪಡುವಣದಲ್ಲಿ ಮೋಡ ಏಳುವುದನ್ನು ಕಂಡ ಕೂಡಲೇ ಮಳೆ ಬರುತ್ತದೆಂದು ಹೇಳುತ್ತೀರಿ ಎಂದು ಯೇಸು ಸ್ವಾಮಿ ಜನರಿಗೆ ಹೇಳುತ್ತಾರೆ. ಅವರ ನಾಡಿಗೂ ನಮ್ಮ ಕರಾವಳಿಗೂ ಸಮುದ್ರ ಇರುವುದು ಪಡುವಣಕ್ಕೇ. ಅಲ್ಲಿ ಮಳೆ ಚಳಿಗಾಲದ್ದು, ನಮ್ಮದು ಜೂನ್ ತಿಂಗಳಿನಿಂದ. ಆದರೂ ಕಡಲಿನತ್ತ ನೋಡಿ ದಿನವನ್ನು ಲೆಕ್ಕಹಾಕುವ ಅಭ್ಯಾಸ ಇಬ್ಬರಿಗೂ ಒಂದೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲಿರುವ ಕಾಲದಲ್ಲಿ ಮೀನುಗಾರರ ಮನೆಯಲ್ಲಿ ಈ ವಚನವನ್ನು ಓದಿದರೆ ವಿವರಣೆಯೇ ಬೇಡ. ಮೋಡವನ್ನು ಓದಬಲ್ಲ ನೀವು ಈ ಕಾಲವನ್ನು ಏಕೆ ಓದುವುದಿಲ್ಲ ಎಂಬ ಪ್ರಶ್ನೆಯು ಅಲ್ಲಿ ನೇರವಾಗಿ ಹೃದಯಕ್ಕೆ ನಾಟುತ್ತದೆ.

ಪಾಠ ತೆಗೆಯಬಾರದ ಕಡೆಗಳೂ ಇವೆ, ಇದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಇನ್ನೊಬ್ಬರ ಕಷ್ಟವು ನನ್ನ ನೋಟ್‌ಬುಕ್‌ನ ಎಡಪುಟಕ್ಕೆ ಬರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಜನರು ಮನೆಮಠ ಕಳೆದುಕೊಂಡಾಗ, ಇದರಲ್ಲಿ ದೇವರು ನಮಗೆ ಏನು ಕಲಿಸುತ್ತಿದ್ದಾನೆ ಎಂದು ಹೇಳಬೇಕೆಂಬ ಒತ್ತಾಯ ಕೂಟದಲ್ಲಿ ಬಂತು. ನಾನು ಒಪ್ಪಲಿಲ್ಲ. ಸಿಲೋವದಲ್ಲಿ ಬುರುಜು ಬಿದ್ದು 18 ಮಂದಿ ಸತ್ತಾಗ, ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಅಪರಾಧಿಗಳೆಂದು ಎಣಿಸಬೇಡಿರೆಂದು ಯೇಸು ಸ್ವಾಮಿಯವರೇ ತಡೆದು, ಕೇಳುತ್ತಿದ್ದವರ ದೃಷ್ಟಿಯನ್ನು ಅವರವರ ಪಶ್ಚಾತ್ತಾಪದ ಕಡೆಗೆ ತಿರುಗಿಸಿದರು. ಯೋಬನ ಗೆಳೆಯರು ಏಳು ದಿನ ಮೌನವಾಗಿ ಅವನೊಡನೆ ನೆಲದ ಮೇಲೆ ಕುಳಿತಿದ್ದಷ್ಟು ಕಾಲ ಗೆಳೆಯರಾಗಿದ್ದರು. ಪಾಠ ಹೇಳತೊಡಗಿದ ಮೇಲೆ ದೇವರ ಕೋಪಕ್ಕೆ ಗುರಿಯಾದರು. ಆ ಸಂಜೆ ನಾವು, ಕೊನೆಯ ಸಾಲಿನವರೆಗೂ ಕತ್ತಲಲ್ಲೇ ಇರುವ 88ನೆಯ ಕೀರ್ತನೆಯನ್ನು ಓದಿ ಪ್ರಾರ್ಥಿಸಿ, ಪರಿಹಾರಕ್ಕೆ ಏನು ಕಳುಹಿಸಬಹುದೆಂದು ಮಾತಾಡಿ ಎದ್ದೆವು.

ಮಕ್ಕಳೊಡನೆಯೂ ಇದೇ ಕ್ರಮವನ್ನು ಅನುಸರಿಸುತ್ತೇನೆ. ಭಾನುವಾರದ ಶಾಲೆಗೆ ಮನೆಯಿಂದ ಒಂದು ವಸ್ತುವನ್ನು ತರಲು ಹೇಳಿದರೆ, ಅದರಿಂದ ದೇವರ ಬಗ್ಗೆ ಏನು ಕಲಿತಿರಿ ಎಂದು ಮೊದಲೇ ಕೇಳುವುದಿಲ್ಲ. ಹಾಗೆ ಕೇಳಿದರೆ ನಮಗೆ ಮೆಚ್ಚಿಗೆಯಾಗುವ ಉತ್ತರವನ್ನು ಅವರು ಕೊಟ್ಟುಬಿಡುತ್ತಾರೆ. ವಸ್ತುವನ್ನು ಮುಟ್ಟಿ, ಮೂಸಿ, ತೂಗಿ, ಮನೆಯಲ್ಲಿ ಹಿರಿಯರನ್ನು ಕೇಳಿಕೊಂಡು ಬನ್ನಿ ಎನ್ನುತ್ತೇನೆ. ವಚನ ಮುಂದಿನ ವಾರ.

ಈಗ ನನ್ನ ಎಡಪುಟದಲ್ಲಿರುವುದು ಒಕ್ಕಣೆ. ಯೆಶಾಯನ 28ನೆಯ ಅಧ್ಯಾಯದ ರೈತನು ಕರಿಜೀರಿಗೆಯ ಮೇಲೆ ಹಂತಿಯ ಗಾಲಿಯನ್ನು ಉರುಳಿಸದೆ ಕೋಲಿನಿಂದ ಬಡಿಯುತ್ತಾನೆ, ರೊಟ್ಟಿಯ ಕಾಳನ್ನು ತುಳಿಸಿದರೂ ಅದು ಪುಡಿಯಾಗುವ ತನಕ ತುಳಿಸುತ್ತಲೇ ಇರುವುದಿಲ್ಲ. ಈ ವಿವೇಕವನ್ನು ಅವನಿಗೆ ಕಲಿಸಿದವನು ದೇವರೇ ಎನ್ನುತ್ತದೆ ಆ ಅಧ್ಯಾಯ. ಭತ್ತವನ್ನು ಪಡಿಮಂಚಕ್ಕೆ ಬಡಿದು, ಉದ್ದು ಹುರುಳಿಗಳನ್ನು ಅಂಗಳದಲ್ಲಿ ಹರಡಿ ಕೋಲಿನಿಂದ ಬಡಿದ ಅಜ್ಜಿಯೊಬ್ಬರು ನಮ್ಮ ಕೂಟದಲ್ಲಿದ್ದಾರೆ. ಪೆಟ್ಟು ಎಷ್ಟು ಬಿದ್ದರೆ ಸಾಕೆಂಬುದು ಅವರಿಗೆ ಹೇಗೆ ತಿಳಿಯುತ್ತಿತ್ತು ಎಂದು ಮುಂದಿನ ವಾರ ಅವರನ್ನು ಕೇಳಲಿದ್ದೇನೆ, ಆ ಬಳಿಕವೇ ಬಲಪುಟಕ್ಕೆ ಕೈಹಾಕುತ್ತೇನೆ.